ಮುಂಡಗೋಡದ ಎಳೆಹಲ್ಲುಗಳು

ಉತ್ತರ ಕನ್ನಡದ ಮುಂಡಗೋಡದ ಕಾಡಂಚಿನಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿ ನೆಲೆಗೊಂಡಾಗ, ಬೆಣ್ಣೆಯನ್ನೂ ಉಪ್ಪನ್ನೂ ಕೂಡಿಸಿ ಕಡೆದ ಚಹದಲ್ಲಿ ಹುರಿದ ಬಾರ್ಲಿಯ ಹಿಟ್ಟನ್ನು ಕಲಸಿ ಉಣ್ಣುತ್ತಿದ್ದ ಆ ಶೀತದೇಶದ ಜನರು, ಮೆಕ್ಕೆಜೋಳವನ್ನೂ ಭತ್ತವನ್ನೂ ಬೆಳೆವ ಮಣ್ಣಿಗೆ ತಮ್ಮ ಒಲೆಗಳನ್ನು ಒಗ್ಗಿಸಿಕೊಳ್ಳಬೇಕಾಯಿತು. ಉಪ್ಪುಚಹದ ಮಗ್ಗುಲಲ್ಲಿ ಸಕ್ಕರೆಚಹವೂ ಬಂದು ಕುಳಿತಿತು. ಇದು ಅವರೊಬ್ಬರ ಕಥೆಯಲ್ಲ. ಎಮ್ಮೆ ಸಾಕುವ ಗೌಳಿಗರ ದಡ್ಡಿಯೆಂಬ ನೆಲೆಗಳಿಂದ ಹಾಲು ಪೇಟೆಗೆ ಇಳಿಯುವುದು, ಪೇಟೆಯಿಂದ ಬಿಸ್ಕತ್ತು ದಡ್ಡಿಗೆ ಏರುವುದು. ಈ ವ್ಯಾಪಾರದಲ್ಲಿ ನಷ್ಟ ಯಾರದೆಂದು ಕೇಳುವವರು ವಿರಳ; ಉತ್ತರ ಮಾತ್ರ ಮಕ್ಕಳ ಎಳೆಹಲ್ಲುಗಳಲ್ಲಿದೆ.

ಹಾಲುಹಲ್ಲಿನ ಕವಚವು ಗರ್ಭದಲ್ಲಿ ಮೊದಲ್ಗೊಂಡು ಶೈಶವದ ಮೊದಲ ವರ್ಷದಲ್ಲಿ ಪೂರ್ಣಗೊಳ್ಳುವುದರಿಂದ, ತಾಯಿಯ ತಟ್ಟೆಯ ದಾರಿದ್ರ್ಯವು ಕೂಸಿನ ಹಲ್ಲಿನ ಮೇಲೆ ಕುಳಿಯಾಗಿ, ಗೀರಾಗಿ ಉಳಿದೀತು. ಇಂಗ್ಲೆಂಡಿನ ಸಂಶೋಧಕಿ ಮೇ ಮೆಲನ್ಬಿ ನಾಯಿಮರಿಗಳ ಆಹಾರದಲ್ಲಿ ಡಿ ಜೀವಸತ್ವವನ್ನು ಕುಗ್ಗಿಸಿ ಇಂಥ ದೌರ್ಬಲ್ಯವನ್ನೇ ಕಂಡಿದ್ದರು. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಬುದ್ಧಿಮಾಂದ್ಯರ ಮೇಲೆ ನಡೆದ, ನೆನೆದರೆ ನಾಚಿಕೆಯಾಗುವ ಪ್ರಯೋಗವು, ಊಟಗಳ ನಡುವೆ ಮತ್ತೆ ಮತ್ತೆ ತಿನ್ನುವ ಅಂಟುಸಿಹಿಯೇ ಹುಳುಕಿನ ಮುಖ್ಯ ಕಾರಣವೆಂದು ತೋರಿತು.

ಊಟಕ್ಕೂ ಹಲ್ಲಿಗೂ ಇರುವ ನಂಟು ಎರಡು ದಿಕ್ಕಿನದು. ಮುಂದಿನ ನಾಲ್ಕು ಹಲ್ಲು ಕಪ್ಪುಮೊಳೆಗಳಾದ ಮಗು ರೊಟ್ಟಿಯನ್ನು ಪಕ್ಕದ ದವಡೆಗೆ ಸರಿಸಿ, ಅರ್ಧ ಅಗಿದು ಉಗುಳಿ, ಚಹದಲ್ಲಿ ನೆನೆಸಿದ ಬಿಸ್ಕತ್ತಿಗೆ ಕೈಚಾಚುವುದು. ನೋವಿನಿಂದ ಊಟ ಕುಂದಿ, ನಿದ್ರೆ ಕೆಟ್ಟು ಮೈ ಬೆಳೆಯದು, ಸಕ್ಕರೆಯ ಆಸರೆಯಿಂದ ಹುಳುಕು ಮತ್ತಷ್ಟು ಬೆಳೆವುದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಸಮಗ್ರ ಶಿಶುವಿಕಾಸ ಯೋಜನೆಯು ಅಂಗನವಾಡಿಗೆ ತಕ್ಕಡಿಯನ್ನೂ ಬೆಳವಣಿಗೆಯ ಪಟವನ್ನೂ ತಂದಿತು; ಆ ಪಟದ ಗೆರೆ ತೂಕದ್ದು, ಹಲ್ಲಿನದಲ್ಲ.