ವಿಕಿರಣಹಾನಿ ಮತ್ತು ಡಿಎನ್‌ಎ ದುರಸ್ತಿ: ಸಂಶೋಧನೆಯ ಇತಿಹಾಸ

ವಿಕಿರಣದಿಂದ ಕೆಟ್ಟ ಡಿಎನ್‌ಎಯನ್ನು ಜೀವಕೋಶ ತಾನೇ ಸರಿಪಡಿಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ತಡವಾಗಿ ಬಂತು. ಆ ಕೇಡನ್ನು ಅದು ಪತ್ತೆ ಹಚ್ಚುವ ಬಗೆ ತಿಳಿದದ್ದು ಇನ್ನೂ ತಡವಾಗಿ. ಕ್ಷ-ಕಿರಣಗಳು ಹಣ್ಣುನೊಣಗಳಲ್ಲಿ ಉತ್ಪರಿವರ್ತನೆ ಉಂಟುಮಾಡುತ್ತವೆಂದು ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದ್ದರು.

ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಕೆಲ್ನರ್ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಬೀಜಕಗಳ ಮೇಲೆ ನೇರಳಾತೀತ ಕಿರಣ ಹಾಯಿಸಿ, ಬದುಕುಳಿದವನ್ನು ಎಣಿಸುತ್ತಿದ್ದರು. ಒಂದು ಸಲ ಬಂದ ಲೆಕ್ಕ ಇನ್ನೊಂದು ಸಲ ಬರುತ್ತಿರಲಿಲ್ಲ. ಉಷ್ಣತೆಯೇ ಕಾರಣವಿರಬೇಕೆಂದು ಅದರ ಬೆನ್ನುಹತ್ತಿದರೂ ಏರುಪೇರು ನಿಲ್ಲಲಿಲ್ಲ. ಬೀಜಕಗಳನ್ನಿಟ್ಟಿದ್ದ ನೀರಿನ ತೊಟ್ಟಿ ಕಿಟಕಿಯ ಬಳಿ ಇತ್ತು, ವ್ಯತ್ಯಾಸವೆಲ್ಲ ಬೆಳಕಿನದು! ಬೆಳಕು ಕಂಡವು ಚೇತರಿಸಿಕೊಳ್ಳುತ್ತಿದ್ದವು. ಈ ಫಲಿತಾಂಶ 1949ರಲ್ಲಿ ಪ್ರಕಟವಾಯಿತು. ಅದೇ ಹೊತ್ತಿಗೆ ರೆನಾಟೊ ಡಲ್ಬೆಕೊ ಬ್ಯಾಕ್ಟೀರಿಯಾಭಕ್ಷಕ ವೈರಸ್‌ಗಳಲ್ಲೂ ಇದನ್ನೇ ಕಂಡರು. ಬೆಳಕಿನ ಬಲದಿಂದ ದುರಸ್ತಿ ಮಾಡುವ ಆ ಕಿಣ್ವಕ್ಕೆ ಈಗ ಫೋಟೊಲಯೇಸ್ ಎಂಬ ಹೆಸರಿದೆ. ಅದರ ಕೆಲಸದ ಬಗೆಯನ್ನು ಬಿಡಿಸಿದವರಲ್ಲಿ ಪ್ರಮುಖರಾದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರ ನೊಬೆಲ್ ಪುರಸ್ಕೃತರಲ್ಲಿ ಒಬ್ಬರು.

ಕತ್ತಲಲ್ಲೂ ದುರಸ್ತಿ ನಡೆಯುತ್ತದೆ. ನೇರಳಾತೀತ ಕಿರಣ ಬಿದ್ದಾಗ ಒಂದೇ ಎಳೆಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್‌ಗಳು ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಆ ತುಣುಕನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿ ಖಾಲಿ ಜಾಗ ತುಂಬಿಸುತ್ತದೆ. 1964ರಲ್ಲಿ ಓಕ್ ರಿಡ್ಜ್, ಯೇಲ್ ಮತ್ತು ಸ್ಟ್ಯಾನ್‌ಫರ್ಡ್‌ನ ಮೂರು ತಂಡಗಳು ಇದಕ್ಕೆ ಪುರಾವೆ ಒದಗಿಸಿದವು. ವೈದ್ಯಕೀಯಕ್ಕೆ ಇದರ ಮಹತ್ವ ಮನದಟ್ಟಾದದ್ದು 1968ರಲ್ಲಿ: ಬಿಸಿಲು ತಾಗಿದರೆ ಚರ್ಮದ ಕ್ಯಾನ್ಸರ್‌ಗೆ ಸುಲಭವಾಗಿ ತುತ್ತಾಗುವ ಜೆರೋಡರ್ಮಾ ಪಿಗ್ಮೆಂಟೋಸಂ ರೋಗಿಗಳ ಕೋಶಗಳಲ್ಲಿ ಈ ದುರಸ್ತಿಯೇ ಕುಂಠಿತವಾಗಿದೆಯೆಂದು ಜೇಮ್ಸ್ ಕ್ಲೀವರ್ ತೋರಿಸಿದರು.

ಪತ್ತೆಯ ಪ್ರಶ್ನೆಗೆ ಅತ್ಯಂತ ಸೊಗಸಾದ ಉತ್ತರ ಕೊಟ್ಟದ್ದು ಯೀಸ್ಟ್. ಕ್ಷ-ಕಿರಣ ತಾಗಿದ ಯೀಸ್ಟ್ ಕೋಶ ವಿಭಜನೆಯನ್ನು ತಡೆದು ನಿಲ್ಲುತ್ತದೆ. ರ್ಯಾಡ್9 ವಂಶವಾಹಿ ಕೆಟ್ಟ ಕೋಶ ನಿಲ್ಲದೆ ವಿಭಜಿಸಿ ಸಾಯುತ್ತದೆ. ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಅಂಥ ಕೋಶಗಳ ವಿಭಜನೆಯನ್ನು ಔಷಧದಿಂದ ಕೆಲಕಾಲ ತಡೆದಾಗ ಹೆಚ್ಚು ಕೋಶಗಳು ಬದುಕುಳಿದವು. ಅಂದರೆ ದುರಸ್ತಿಯ ಸಾಮರ್ಥ್ಯ ಅವುಗಳಲ್ಲಿತ್ತು, ಬಿಡುವು ಇರಲಿಲ್ಲ. 1988ರ ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಪ್ರಚಾರ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಮನುಷ್ಯರಲ್ಲಿ ಡಿಎನ್‌ಎಯ ಎರಡೂ ಎಳೆಗಳು ತುಂಡಾದಾಗ ಎಚ್ಚರಿಕೆ ಹೊರಡಿಸುವ ಎಟಿಎಂ ವಂಶವಾಹಿ 1995ರಲ್ಲಿ ಗುರುತಿಗೆ ಬಂತು. ಅದರ ಪ್ರೋಟೀನು ಮುರಿದ ಜಾಗದ ಸುತ್ತಲಿನ ಎಚ್2ಎಎಕ್ಸ್ ಹಿಸ್ಟೋನ್‌ಗಳಿಗೆ ನಿಮಿಷಗಳಲ್ಲೇ ಫಾಸ್ಫೇಟ್ ಸೇರಿಸುತ್ತದೆ. ಹೊಳೆಯುವ ಪ್ರತಿಕಾಯ ಬಳಸಿದರೆ ಆ ಜಾಗಗಳು ಸೂಕ್ಷ್ಮದರ್ಶಕದಡಿ ಚುಕ್ಕೆಗಳಾಗಿ ಕಾಣುತ್ತವೆ. ಕೋಶಕ್ಕೆ ವಿಕಿರಣದಿಂದಾದ ಪೆಟ್ಟನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಇಂದು ಆ ಚುಕ್ಕೆಗಳನ್ನೇ ಎಣಿಸುತ್ತಾರೆ.