ಅಕ್ಷರ ದಾಸೋಹದ ಅಡುಗೆಯವರು: ಗೌರವಧನದ ಪ್ರಶ್ನೆ ಮತ್ತು ಶಾಲಾ ಅಡುಗೆಮನೆಯ ರಕ್ಷಣೆ

ಶಾಲಾ ಮಕ್ಕಳ ಮಧ್ಯಾಹ್ನದ ಊಟದ ಚರಿತ್ರೆಯನ್ನು ಸಾಮಾನ್ಯವಾಗಿ ಸರ್ಕಾರಿ ಆದೇಶಗಳು, ನ್ಯಾಯಾಲಯದ ನಿರ್ದೇಶನಗಳು ಹಾಗೂ ಹಾಜರಾತಿಯ ಅಂಕಿ-ಅಂಶಗಳ ಮೂಲಕ ನಿರೂಪಿಸಲಾಗುತ್ತದೆ. ಆ ಊಟವನ್ನು ನಿತ್ಯವೂ ಬೇಯಿಸಿ ಬಡಿಸಿದ ಮಹಿಳೆಯರು ಇಂತಹ ನಿರೂಪಣೆಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಕರ್ನಾಟಕದಲ್ಲಿ ಅವರು ನಡೆಸಿಕೊಂಡು ಬಂದ ಹೋರಾಟವನ್ನು ಕೇವಲ ಕೂಲಿಯ ಬೇಡಿಕೆಯೆಂದು ಪರಿಗಣಿಸಲಾಗಿದೆ. ಆದರೆ ಅವರ ಬೇಡಿಕೆಗಳನ್ನು ಒಟ್ಟಾಗಿ ಪರಿಶೀಲಿಸಿದರೆ, ಊಟವು ಶಾಲೆಯ ಅಂಗಳದಲ್ಲಿಯೇ ಸಿದ್ಧವಾಗಬೇಕೆಂಬ ತತ್ತ್ವದ ಸಮರ್ಥನೆಯೂ ಅವುಗಳಲ್ಲಿ ಅಡಗಿರುವುದು ಸ್ಪಷ್ಟವಾಗುತ್ತದೆ.

ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ಪ್ರಾಥಮಿಕ ಶಿಕ್ಷಣಕ್ಕೆ ಪೌಷ್ಟಿಕ ಬೆಂಬಲ ನೀಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ಆದರೆ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಮಕ್ಕಳಿಗೆ ದೊರೆತದ್ದು ಬೇಯಿಸಿದ ಊಟವಲ್ಲ, ತಿಂಗಳಿಗೆ 3 ಕಿಲೋಗ್ರಾಂ ಧಾನ್ಯ. ಪಿಯುಸಿಎಲ್ ಸಂಘಟನೆಯ ಅರ್ಜಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ನೀಡಿದ ಆದೇಶ ಈ ಪದ್ಧತಿಯನ್ನು ಬದಲಿಸಿತು. ಕನಿಷ್ಠ 300 ಕ್ಯಾಲೊರಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನ್ ಒಳಗೊಂಡ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ನೀಡಬೇಕೆಂದು ಅದು ಸೂಚಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಶರಣ ಪರಂಪರೆಯ ‘ದಾಸೋಹ’ ಎಂಬ ಪದ ಹೀಗೆ ಸರ್ಕಾರಿ ಯೋಜನೆಯ ಹೆಸರಾಯಿತು.

ಈ ಹೆಸರು ಅಡುಗೆಯವರ ಪಾಲಿಗೆ ಇಬ್ಬಗೆಯದಾಗಿತ್ತು. ದಾಸೋಹದಲ್ಲಿ ಸೇವಾಭಾವವಿದೆ, ಸೇವೆ ಎಂದೊಡನೆ ವೇತನದ ಮಾತು ಹಿಂದೆ ಸರಿಯುತ್ತದೆ. ಸರ್ಕಾರವು ಅವರಿಗೆ ನೀಡಿದ ಮೊತ್ತವನ್ನು ‘ವೇತನ’ ಎನ್ನದೆ ‘ಗೌರವಧನ’ ಎಂದೇ ಕರೆಯಿತು. ಕೇಂದ್ರ ಸರ್ಕಾರವು 2009ರ ಡಿಸೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಯನ್ನು, ಅದೂ ವರ್ಷದ 10 ತಿಂಗಳಿಗೆ ಮಾತ್ರ, ನಿಗದಿಪಡಿಸಿತು. ಮುಂದಿನ ಒಂದು ದಶಕಕ್ಕೂ ಹೆಚ್ಚು ಕಾಲ ಆ ಮೊತ್ತ ಬದಲಾಗಲಿಲ್ಲ. ಏರಿಕೆಯೆಲ್ಲ ರಾಜ್ಯದ ಬೊಕ್ಕಸದಿಂದಲೇ ಬರಬೇಕಾಯಿತು. 2013ರ ಮೇ ತಿಂಗಳಲ್ಲಿ ನಡೆದ 45ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಅಂಗನವಾಡಿ, ಆಶಾ ಹಾಗೂ ಬಿಸಿಯೂಟ ಸಿಬ್ಬಂದಿಯನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಹಾಗೂ ಸಾಮಾಜಿಕ ಭದ್ರತೆ ಒದಗಿಸಬೇಕೆಂದು ಶಿಫಾರಸು ಮಾಡಿತು. ಸಿಐಟಿಯು ಮತ್ತು ಎಐಟಿಯುಸಿ ಸಂಯೋಜಿತ ಸಂಘಗಳು ತಮ್ಮ ಮನವಿಪತ್ರಗಳಿಗೆ ಈ ಶಿಫಾರಸನ್ನೇ ಆಧಾರವಾಗಿಸಿಕೊಂಡವು. ಜಿಲ್ಲಾ ಕೇಂದ್ರಗಳಲ್ಲಿಯೂ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿಯೂ ಧರಣಿಗಳು ಮತ್ತೆ ಮತ್ತೆ ನಡೆದವು.

ಹೋರಾಟದ ಎರಡನೆಯ ಎಳೆ ಕೇಂದ್ರೀಕೃತ ಅಡುಗೆಮನೆಗೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ 2000ದಲ್ಲಿ ಅಕ್ಷಯ ಪಾತ್ರ ಆರಂಭವಾದ ಮೇಲೆ, ಒಂದೆಡೆ ಯಂತ್ರಗಳಿಂದ ಅಡುಗೆ ಮಾಡಿ ವಾಹನಗಳಲ್ಲಿ ನೂರಾರು ಶಾಲೆಗಳಿಗೆ ಸಾಗಿಸುವ ಮಾದರಿಯೂ ರಾಜ್ಯದಲ್ಲಿ ಬೆಳೆಯಿತು. ಅಡುಗೆಯವರ ಸಂಘಗಳು ಯೋಜನೆಯನ್ನು ಖಾಸಗಿ ಸಂಸ್ಥೆಗಳಿಗೆ ವಹಿಸಬಾರದೆಂದು ವಾದಿಸಿದವು. ಉದ್ಯೋಗ ಕಳೆದುಕೊಳ್ಳುವ ಭಯ ಇಲ್ಲಿ ನಿಜವಾದದ್ದೇ. ಆದರೆ ವಾದಕ್ಕೆ ಕಾನೂನಿನ ಬೆಂಬಲವೂ ಇತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೆಯ ಪ್ರಕರಣವು ಪ್ರತಿ ಶಾಲೆಯಲ್ಲಿ ಅಡುಗೆ ಮಾಡುವ ಸೌಲಭ್ಯವಿರಬೇಕೆಂದು ವಿಧಿಸಿ, ಕೇಂದ್ರೀಕೃತ ಅಡುಗೆಮನೆಯನ್ನು ನಗರ ಪ್ರದೇಶಗಳಲ್ಲಿ ಅಗತ್ಯವಿದ್ದೆಡೆ ಮಾತ್ರ ಬಳಸಲು ಅವಕಾಶ ನೀಡುತ್ತದೆ.

ಶಾಲೆಯಲ್ಲಿಯೇ ಅಡುಗೆ ನಡೆಯುವುದಕ್ಕೆ ಇನ್ನೊಂದು ಮಹತ್ತ್ವವಿದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಆದ್ಯತೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2004ರ ಏಪ್ರಿಲ್ 20ರಂದು ಆದೇಶಿಸಿತು. ಕೆಲವು ಊರುಗಳಲ್ಲಿ ದಲಿತ ಮಹಿಳೆ ಬೇಯಿಸಿದ ಅನ್ನವನ್ನು ಮಕ್ಕಳು ಉಣ್ಣದಂತೆ ಪೋಷಕರು ತಡೆದ ಪ್ರಸಂಗಗಳು ವರದಿಯಾಗಿವೆ. ಅಂತಹ ಊರಿನಲ್ಲಿ ಆ ಮಹಿಳೆ ಒಲೆಯ ಮುಂದೆ ಉಳಿಯುವುದೇ ಸಹಪಂಕ್ತಿ ಭೋಜನದ ಆಶಯದ ಪರೀಕ್ಷೆಯಾಗುತ್ತದೆ. ದೂರದಿಂದ ಮುಚ್ಚಿದ ಪಾತ್ರೆಗಳಲ್ಲಿ ಬರುವ ಊಟದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಆದ್ದರಿಂದ ಅದು ಬಗೆಹರಿಯುವುದೂ ಇಲ್ಲ.

ತರಕಾರಿ, ಸಾಂಬಾರ ಪದಾರ್ಥ ಮುಂತಾದವುಗಳ ‘ಸಾದಿಲ್ವಾರು’ ಖರ್ಚಿನ ಬ್ಯಾಂಕ್ ಖಾತೆಯು ಮುಖ್ಯ ಶಿಕ್ಷಕರು ಹಾಗೂ ಮುಖ್ಯ ಅಡುಗೆಯವರ ಜಂಟಿ ಹೆಸರಿನಲ್ಲಿತ್ತು. ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಿಗೆ ವರ್ಗಾಯಿಸುವ ಕ್ರಮವನ್ನು ಸಂಘಗಳು ವಿರೋಧಿಸಿದವು. ಇಲ್ಲಿ ಹಣದ ಲಾಭವೇನೂ ಇರಲಿಲ್ಲ. ಅಡುಗೆಯ ವೆಚ್ಚದಲ್ಲಿ ಅಡುಗೆಯವಳ ಸಹಿಗೆ ಬೆಲೆಯಿರಬೇಕೆಂಬುದೇ ಬೇಡಿಕೆಯಾಗಿತ್ತು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಬಿಸಿಯೂಟವು ಪುನಃ ಧಾನ್ಯ ವಿತರಣೆಯಾಗಿ ಮಾರ್ಪಟ್ಟಿತು. 2021ರ ಅಕ್ಟೋಬರ್‌ನಲ್ಲಿ ಶಾಲೆಗಳ ಒಲೆಗಳು ಮತ್ತೆ ಹೊತ್ತಿದವು. 1995ರ ಪಡಿಗೂ 2002ರ ಊಟಕ್ಕೂ ಇರುವ ವ್ಯತ್ಯಾಸ ಅಡುಗೆಯವರ ದುಡಿಮೆಯೇ ಎಂಬುದನ್ನು ಈ ಅವಧಿ ತೋರಿಸಿಕೊಟ್ಟಿತು.

ಒಟ್ಟಿನಲ್ಲಿ, ಅಕ್ಷರ ದಾಸೋಹದ ಅಡುಗೆಯವರು ತಮ್ಮ ಜೀವನೋಪಾಯವನ್ನೂ ಶಾಲಾ ಅಡುಗೆಮನೆಯನ್ನೂ ಒಂದೇ ಬೇಡಿಕೆಯಾಗಿ ಮುಂದಿಟ್ಟರು. ರಾಜ್ಯ ಸರ್ಕಾರದ ಗೌರವಧನ ಕಾಲಕಾಲಕ್ಕೆ ಏರಿದೆ. ಆದರೆ ಕಾರ್ಮಿಕರೆಂಬ ಮಾನ್ಯತೆ ದೊರೆತಿಲ್ಲ. ಮಕ್ಕಳ ಊಟವನ್ನು ಹಕ್ಕೆಂದು ಒಪ್ಪಿದ ಕಾನೂನು, ಅದನ್ನು ಬೇಯಿಸುವವರ ದುಡಿಮೆಯನ್ನು ಸೇವೆಯೆಂದೇ ಉಳಿಸಿರುವುದು ಈ ಯೋಜನೆಯ ಚರಿತ್ರೆಯಲ್ಲಿ ಪರಿಹಾರವಾಗದ ವೈರುಧ್ಯವಾಗಿದೆ.