ಪಾಲಿಗೆ ಬಂದ ನೀರು

ಈ ಸಲದ ಮಾತುಕತೆಗೆ ನಾವು ಆರಿಸಿಕೊಂಡಿರುವುದು ಎರಡೇ ಅಕ್ಷರದ ಪದ: ಪಾಲು. ದಿನಕ್ಕೆ ಎಷ್ಟು ಸಲ ಇದು ನಿಮ್ಮ ಬಾಯಲ್ಲಿ ಬರುತ್ತದೆ, ಎಣಿಸಿ ನೋಡಿ. ಅಣ್ಣತಮ್ಮಂದಿರು ಬೇರೆಯಾದರೆ ಪಾಲು. ಸಭೆಗೆ ಹೋದರೆ ಪಾಲ್ಗೊಂಡೆವು ಎನ್ನುತ್ತೇವೆ. ಗುಡಿಸಲು ಬೆಂಕಿಯ ಪಾಲಾಗುತ್ತದೆ. ಕಷ್ಟದಲ್ಲಿ ಕೈಹಿಡಿದವನು ನಮ್ಮ ಪಾಲಿನ ದೇವರು, ಕೈಬಿಟ್ಟವನು ನಮ್ಮ ಪಾಲಿಗೆ ಸತ್ತ.

ಪದ ಹಳೆಯದು. ತಮಿಳಿನಲ್ಲಿ ಪಾಲ್ ಎಂದರೆ ಹಾಲೂ ಹೌದು, ಭಾಗವೂ ಹೌದು. ತಿರುಕ್ಕುರಳಿನ ಮೂರು ಭಾಗಗಳಿಗೂ ಪಾಲ್ ಎಂದೇ ಹೆಸರು. ಕನ್ನಡದಲ್ಲಿ ಪಕಾರ ಹಕಾರವಾಗುತ್ತ ಬಂದಾಗ ಕುಡಿಯುವ ಪಾಲ್ ಹಾಲಾಯಿತು, ಹಂಚುವ ಪಾಲು ಮಾತ್ರ ಪಾಲಾಗಿಯೇ ಉಳಿಯಿತು. ಎರಡೂ ಭಾಷೆ ಕಿವಿಗೆ ಬೀಳುವ ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಗೆ ನಮ್ಮ ತಂಡ ಹೋದದ್ದೂ ಈ ಪದಕ್ಕಾಗಿಯೇ. ಊರಿನ ಹೆಸರಿನಲ್ಲೇ ಕೆರೆ ಇದೆ ನೋಡಿ. ಗದ್ದೆಯ ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ನೀರನ್ನು ಹೇಗೆ ಪಾಲು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕರು. "ನೀರ ಅಳಿಯಕ್ಕಾದ್ದಾ ಸಾ? ಹೊತ್ತ ಅಳೀಬೇಕು" ಎಂದರು.

ಬಿ.ಎಸ್ಸಿ. ಓದಿದ ನನಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಳೆದು ಹಂಚುವ ವಸ್ತುಗಳೇ ಬೇರೆ. ಹಳೇ ಮೈಸೂರು ಸೀಮೆಯಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಹತ್ತಾರು ಮನೆಯವರು ದುಡ್ಡು ಸೇರಿಸಿ ಮರಿ ಕಡಿದು ಗುಡ್ಡೆ ಹಾಕುತ್ತಾರೆ. ತಲೆಯದೊಂದು ಚೂರು, ಈಲಿಯದೊಂದು ಚೂರು, ಮೂಳೆಯದೊಂದು ಚೂರು ಎಲ್ಲ ಗುಡ್ಡೆಗೂ ಬೀಳಬೇಕು. ತಕ್ಕಡಿ ಇಲ್ಲದಿದ್ದರೂ ತಕರಾರು ಕಡಿಮೆ, ಏಕೆಂದರೆ ಎಲ್ಲ ಗುಡ್ಡೆಯೂ ಎಲ್ಲರ ಕಣ್ಣೆದುರಿಗಿರುತ್ತದೆ. ಕಾಲುವೆಯ ನೀರು ಹಾಗೆ ಕಣ್ಣೆದುರು ನಿಲ್ಲುವುದಿಲ್ಲ. ಆದ್ದರಿಂದ ಅಲ್ಲಿ ಸರದಿ. ಇಷ್ಟು ಹೊತ್ತು ತೂಬು ನಿನಗೆ, ಆಮೇಲೆ ನನಗೆ. ಕಾಲುವೆ ತುಂಬಿ ಹರಿದರೆ ಇಬ್ಬರಿಗೂ ಹೆಚ್ಚು, ಸಣಕಲಾದರೆ ಇಬ್ಬರಿಗೂ ಕಡಿಮೆ. ಕೊರತೆ ತಾನಾಗಿಯೇ ಹಂಚಿಹೋಗುತ್ತದೆ. ಸರದಿಯಲ್ಲಿ ಮೋಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾಲುವೆಯ ಕೊನೆಯ ಗದ್ದೆಯವನನ್ನು ಕೇಳಿ, ಭೂಮಿಯೇ ಇಲ್ಲದವನನ್ನು ಕೇಳಿ. ಭೂಮಿಯಿಲ್ಲದವನಿಗೆ ಸರದಿಯೇ ಇಲ್ಲ.

ಇನ್ನು ಇದೇ ಪದ ಸರ್ಕಾರಿ ಕಾಗದ ಸೇರಿದಾಗ ಏನಾಯಿತು ನೋಡೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರಕ್ಕೆ ಹೋಗಿ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. ಆಚೆ ದಡದ ಮಳವಳ್ಳಿ ಮೈಸೂರು, ಈಚೆ ದಡದ ಕೊಳ್ಳೇಗಾಲ ಮದರಾಸು, ನಡುವೆ ಕಾವೇರಿ. 1892ರ ಒಪ್ಪಂದದಂತೆ ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. 1924ರ ಒಪ್ಪಂದ ಕನ್ನಂಬಾಡಿ ಅಣೆಕಟ್ಟೆಗೆ ದಾರಿ ಮಾಡಿ ಮೈಸೂರಿಗೆ 1,25,000 ಎಕರೆ, ಮೆಟ್ಟೂರಿನ ನೆಚ್ಚಿನಲ್ಲಿ ಮದರಾಸಿಗೆ 3,01,000 ಎಕರೆ ಹೊಸ ನೀರಾವರಿಗೆ ಒಪ್ಪಿತು. ಆ ದಿನ ಧನಗೆರೆಯ ರೈತ, ಮನೆಯಲ್ಲಿ ಕನ್ನಡ ಆಡುತ್ತಿದ್ದರೂ, ಕಾಗದದಲ್ಲಿ ಮದರಾಸಿನ ಪಾಲಿನವನು. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂತು. ಗದ್ದೆ ಒಂದಂಗುಲ ಕದಲಲಿಲ್ಲ, ಕಾಲುವೆಯೂ ಕದಲಲಿಲ್ಲ. ಪಾಲು ಬರೆದ ಪುಟ ಬದಲಾಯಿತು, ಅಷ್ಟೇ.

ಆಮೇಲಿನ ಲೆಕ್ಕವೆಲ್ಲ ಟಿಎಂಸಿಯಲ್ಲಿ. ಉದ್ದ, ಅಗಲ, ಎತ್ತರ ಮೂರೂ ಸಾವಿರ ಅಡಿ ಇರುವ ಒಂದು ತೊಟ್ಟಿಯನ್ನು ಊಹಿಸಿಕೊಳ್ಳಿ, ಅದು ತುಂಬಿದರೆ ಒಂದು ಟಿಎಂಸಿ. ಇನ್ನೊಂದು ರೀತಿ ಹೇಳುವುದಾದರೆ, ಸೆಕೆಂಡಿಗೆ 11,574 ಘನ ಅಡಿಯಂತೆ ಇಡೀ ಒಂದು ದಿನ ಹರಿಯುವ ನೀರು. 2007ರ ಫೆಬ್ರವರಿಯಲ್ಲಿ ಕಾವೇರಿ ನ್ಯಾಯಮಂಡಳಿ ಒಟ್ಟು 740 ಟಿಎಂಸಿ ನೀರಿದೆಯೆಂದು ಲೆಕ್ಕ ಹಾಕಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದಿತು. ಉಳಿದ 14 ನದಿಗೆ ಮತ್ತು ಕಡಲಿಗೆ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿತು. ಅದರಲ್ಲಿ 4.75 ಬೆಂಗಳೂರಿಗಾಗಿ. ಹರಿಯುವ ನೀರಿಗೆ ಯಾವ ರಾಜ್ಯವೂ ಒಡೆಯನಲ್ಲ ಎಂಬ ಮಾತನ್ನೂ ಅದೇ ತೀರ್ಪು ಹೇಳಿತು. ಅಣ್ಣತಮ್ಮಂದಿರ ಪಾಲಿಗೂ ನದಿಯ ಪಾಲಿಗೂ ಇರುವ ಅಂತರ ಇದೇ. ಜಮೀನು ಪಾಲಾದ ಮೇಲೆ ನಡುವೆ ಬೇಲಿ ಹಾಕಬಹುದು.

ಆದರೆ ಆ 740 ಎಲ್ಲಿಂದ ಬಂತು? ಎರಡು ವರ್ಷದಲ್ಲಿ ಒಂದು ವರ್ಷವಾದರೂ ಅಷ್ಟು ನೀರು ಬಂದೀತು ಎಂಬ ಲೆಕ್ಕದಿಂದ. ಇನ್ನೊಂದು ವರ್ಷ? ಕೊರತೆಯಾದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗಬೇಕೆಂದು ನ್ಯಾಯಮಂಡಳಿಯೇ ಹೇಳಿದೆ. ಕೇಳಲು ಸರಿಯಾಗಿಯೇ ಇದೆ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಬಿಳಿಗುಂಡ್ಲುವಿನ ಮಾಪನ ಕೇಂದ್ರದಲ್ಲಿ ವರ್ಷಕ್ಕೆ ಕಾಣಬೇಕಾದ 177.25 ಟಿಎಂಸಿಯಲ್ಲಿ 45.95 ಆಗಸ್ಟ್ ಒಂದರಲ್ಲೇ ಹರಿಯಬೇಕು. ಆ ವರ್ಷದ ಮಳೆ ಒಟ್ಟು ಎಷ್ಟು ಕಡಿಮೆ ಎಂಬುದು ತಿಳಿಯುವುದು ಹಿಂಗಾರು ಮುಗಿದ ಮೇಲೆ. ಎಷ್ಟು ಕಡಿಮೆ ಎಂದು ಗೊತ್ತಿಲ್ಲದ ಗುಡ್ಡೆಯನ್ನು ಸಮನಾಗಿ ಹಾಕುವುದು ಹೇಗೆ ಹೇಳಿ. 2023ರಲ್ಲಿ ಆಗಿದ್ದು ಅದೇ. ಮುಂಗಾರು ಕೈಕೊಟ್ಟಿತು, ನೀರು ಬಿಡಿ ಎಂಬ ಆದೇಶ ಬಂತು, ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು. ಆಚೆಯ ಡೆಲ್ಟಾದ ರೈತನ ಪೈರೂ ಒಣಗುತ್ತಿತ್ತು, ಈಚೆಯವನದೂ ಒಣಗುತ್ತಿತ್ತು.

ಹಾಗಾದರೆ ಎರಡು ರಾಜ್ಯಗಳು ಸರದಿಗೆ ಬರಲಾದೀತೇ? ನಾಲ್ಕೆಕರೆಯ ತೂಬಿನ ಲೆಕ್ಕವನ್ನು ಮೆಟ್ಟೂರಿಗೆ ಹಚ್ಚಲಾಗದು ಎಂದು ನಮ್ಮ ಚರ್ಚೆಗೆ ಬಂದ ಎಂಜಿನಿಯರರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೂ ಒಂದನ್ನು ಗಮನಿಸಿ. ಧನಗೆರೆಯ ಕಾಲುವೆಯಲ್ಲಿ ನೀರು ಇಳಿದರೆ ಮೇಲಿನವನಿಗೂ ಕೆಳಗಿನವನಿಗೂ ಅದೇ ದಿನ ಕಾಣುತ್ತದೆ. ಕನ್ನಂಬಾಡಿಯ ಮಟ್ಟ ತಂಜಾವೂರಿನವನಿಗೆ, ಮೆಟ್ಟೂರಿನ ಮಟ್ಟ ಮಂಡ್ಯದವನಿಗೆ ಕಾಣುವುದು ಪತ್ರಿಕೆಯಲ್ಲಿ, ಅದೂ ಜಗಳ ಹತ್ತಿದ ಮೇಲೆ.

ಹಿರಿಯರು ಅಷ್ಟರಲ್ಲಿ ಎದ್ದಿದ್ದರು. ಗುದ್ದಲಿ ಹೆಗಲಿಗೇರಿಸಿ ಸೂರ್ಯನನ್ನು ನೋಡಿದರು. ನಮ್ಮ ಕ್ಯಾಮೆರಾ ಇನ್ನೂ ಓಡುತ್ತಿತ್ತು, ಅವರ ಸರದಿ ಮುಗಿದಿತ್ತು.